ಸಭಾಪಾಲನೆಗೆ ಬರಬೇಕೆಂದಿದ್ದೇನೆ: ಬಿ.ಡಿ. ಓದಲು ಮಂಗಳೂರೋ, ಬೆಂಗಳೂರೋ, ಅಮೆರಿಕವೋ?

ನೀವು ಬಿ.ಕಾಂ. ಮುಗಿಸಿದ, ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಕ್ರೈಸ್ತ ಸಭೆಯ ಹೆಣ್ಣುಮಗಳು. ಸಭಾಪಾಲಕಿ, ಅಂದರೆ ಸಭೆಯ ಪಾದ್ರಿ, ಆಗಲು ದೇವಶಾಸ್ತ್ರದ ಬಿ.ಡಿ. ಪದವಿ ಓದಬೇಕೆಂದಿದ್ದು, ಮಂಗಳೂರಿನ ಕರ್ನಾಟಕ ಥಿಯೋಲಾಜಿಕಲ್ ಕಾಲೇಜು, ಬೆಂಗಳೂರಿನ ಯುನೈಟೆಡ್ ಥಿಯೋಲಾಜಿಕಲ್ ಕಾಲೇಜು, ಅಮೆರಿಕದ ಎಂ.ಡಿವ್. (ಅಲ್ಲಿನ ಅದೇ ಬಗೆಯ ಪದವಿ) ಈ ಮೂರರಲ್ಲಿ ಯಾವುದು ಲೇಸು ಎಂದು ಕೇಳಿದ್ದೀರಿ. ನಾನು ಮಂಗಳೂರಿನಲ್ಲಿ ಓದಿ ಈಗ ಹಳ್ಳಿ ಸಭೆಗಳನ್ನು ನೋಡಿಕೊಳ್ಳುತ್ತಿರುವವನಾದ್ದರಿಂದ ನನ್ನ ಒಲವು ಯಾವ ಕಡೆಗೆ ಎಂಬುದನ್ನು ನೀವೇ ಊಹಿಸಬಹುದು. ಆದರೆ ಕಾಲೇಜಿನ ಮಾತು ಆಮೇಲಿನದು. ನಿಮಗೆ ದೀಕ್ಷೆ, ಅಂದರೆ ಸಭಾಪಾಲಕರಾಗುವ ಅಧಿಕಾರ, ಕೊಡುವವರು ಯಾರು ಎಂಬುದು ಮೊದಲು ತೀರ್ಮಾನವಾಗಬೇಕು.

ಪದವಿ ಪಡೆದ ಮಾತ್ರಕ್ಕೆ ಯಾರೂ ಸಭಾಪಾಲಕರಾಗುವುದಿಲ್ಲ. ಅರ್ಜಿ ತುಂಬುವ ಮೊದಲೇ ನಿಮ್ಮ ಸಭಾಪಾಲಕರ ಮೂಲಕ ಬಿಷಪರನ್ನು ಕಂಡು, ಸಭಾಪ್ರಾಂತ್ಯವು (ಬಿಷಪರ ಆಡಳಿತಕ್ಕೆ ಸೇರಿದ ಸಭೆಗಳ ವಲಯ) ಅಭ್ಯರ್ಥಿಗಳನ್ನು ಹೇಗೆ ಆರಿಸುತ್ತದೆ, ಓದಿನ ಖರ್ಚಿನಲ್ಲಿ ಎಷ್ಟನ್ನು ಭರಿಸುತ್ತದೆ ಎಂದು ತಿಳಿದುಕೊಳ್ಳಿ. ಶಿಫಾರಸಿಲ್ಲದೆ ಸ್ವಂತ ಖರ್ಚಿನಲ್ಲಿ ಓದಿ, ಒಳ್ಳೆಯ ಅಂಕ ಪಡೆದೂ ನೇಮಕಕ್ಕಾಗಿ ಕಾಯುತ್ತಿರುವವರನ್ನು ನಾನು ಬಲ್ಲೆ.

ಮಂಗಳೂರು, ಬೆಂಗಳೂರು ಎರಡೂ ಬಂಗಾಳದ ಸೆರಾಂಪುರದ ಸೆನೆಟ್‌ಗೆ (ದೇವಶಾಸ್ತ್ರದ ಪದವಿಗಳನ್ನು ನೀಡುವ ಮಂಡಳಿ) ಸೇರಿದ ಕಾಲೇಜುಗಳು. 1818ರಲ್ಲಿ ಆರಂಭವಾದ ಸೆರಾಂಪುರ ಕಾಲೇಜಿಗೆ ಪದವಿ ನೀಡುವ ಅಧಿಕಾರ 1827ರಲ್ಲಿ ಡೆನ್ಮಾರ್ಕಿನ ದೊರೆಯ ಸನ್ನದಿನಿಂದ ಬಂತು. ಆದ್ದರಿಂದ ಪದವಿಯ ತೂಕದಲ್ಲಿ ವ್ಯತ್ಯಾಸ ಹುಡುಕಬೇಡಿ. ವ್ಯತ್ಯಾಸವಿರುವುದು ಭಾಷೆಯಲ್ಲಿ, ಜೊತೆಗೆ ಓದುವವರಲ್ಲಿ. 1910ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕಾಲೇಜಿನಲ್ಲಿ ಪಾಠ ಇಂಗ್ಲಿಷಿನಲ್ಲಿ, ಕೇರಳದಿಂದ ಈಶಾನ್ಯ ರಾಜ್ಯಗಳವರೆಗೆ ಬೇರೆ ಬೇರೆ ಸಭೆಗಳವರು ಒಂದೇ ತರಗತಿಯಲ್ಲಿ ಕೂತು ವಾದ ಮಾಡುತ್ತಾರೆ, ದೊಡ್ಡ ಗ್ರಂಥಾಲಯವಿದೆ. ಮುಂದೆ ಎಂ.ಟಿಎಚ್. (ದೇವಶಾಸ್ತ್ರದ ಸ್ನಾತಕೋತ್ತರ ಪದವಿ) ಮಾಡಿ ಅಧ್ಯಾಪಕಿಯಾಗುವ ಆಸೆಯಿದ್ದರೆ ಅಲ್ಲಿಗೇ ಹೋಗಿ. ಬಲ್ಮಠದಲ್ಲಿರುವ ಮಂಗಳೂರಿನ ಕಾಲೇಜು 1834ರಲ್ಲಿ ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ನಿನ ಪರಂಪರೆಯದು. ಆ ಮಿಷನ್ನಿನ ಹಳೆಯ ಕನ್ನಡ ಪುಸ್ತಕಗಳೂ ಕಾಗದಪತ್ರಗಳೂ ಅದರ ದಾಖಲೆ ಸಂಗ್ರಹದಲ್ಲಿವೆ. ನೀವು ಸೇವೆ ಮಾಡಬೇಕಾದದ್ದು ಕನ್ನಡ ಸಭೆಗಳಲ್ಲಿ. ಸಾವಾದ ಮನೆಯ ಜಗಲಿಯಲ್ಲಿ ಕೂತು ಪುನರುತ್ಥಾನದ ಬಗ್ಗೆ ನಾಲ್ಕು ಮಾತು ಹೇಳಬೇಕಾದಾಗ, ಇಂಗ್ಲಿಷ್ ಟಿಪ್ಪಣಿಗಳಿಂದ ಕಲಿತದ್ದನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿಕೊಳ್ಳುತ್ತಿದ್ದರೆ ಕೇಳುವವರಿಗೆ ಅದು ಕೂಡಲೇ ಗೊತ್ತಾಗುತ್ತದೆ. ಬೆಂಗಳೂರಿನಲ್ಲಿ ಓದಿದವರಿಗೆ ಇದು ಸಾಧ್ಯವಿಲ್ಲವೆಂದಲ್ಲ; ಕಾಲೇಜು ಕಲಿಸದಿದ್ದನ್ನು ಅವರು ರಜೆಗಳಲ್ಲಿ, ಊರಿನ ಸಭೆಗಳಲ್ಲಿ ತಾವೇ ಕಲಿಯಬೇಕಾಗುತ್ತದೆ.

ಅಮೆರಿಕದ ಎಂ.ಡಿವ್. ಸಾಮಾನ್ಯವಾಗಿ ಮೂರು ವರ್ಷದ್ದು, ಪದವಿಯ ನಂತರದ್ದು. ಅಲ್ಲಿನ ತರಬೇತಿ ಅಲ್ಲಿನ ಸಭೆಗಳಿಗೂ ಆಸ್ಪತ್ರೆಗಳಲ್ಲಿನ ಪಾದ್ರಿ ಸೇವೆಗೂ ಹೊಂದಿಕೊಂಡಿರುವುದರಿಂದ ಮೊದಲ ದೇವಶಾಸ್ತ್ರ ಪದವಿಗೆ ಅಲ್ಲಿಗೆ ಹೋಗುವುದು ನನಗಂತೂ ಸರಿ ಕಾಣುವುದಿಲ್ಲ. ಇಲ್ಲಿ ಬಿ.ಡಿ. ಮುಗಿಸಿ, ಕೆಲವು ವರ್ಷ ಸೇವೆ ಮಾಡಿ, ಅಲ್ಲಿನ ಒಂದು ವರ್ಷದ ಟಿಎಚ್.ಎಂ.ಗೆ (ಎಂ.ಡಿವ್. ನಂತರದ ದೇವಶಾಸ್ತ್ರ ಪದವಿ) ಹೋದರೆ ಹೆಚ್ಚು ಪ್ರಯೋಜನ.

ಹೆಣ್ಣುಮಕ್ಕಳಿಗೆ ದೀಕ್ಷೆ ಉಂಟೇ ಎಂದೂ ಕೇಳಿದ್ದೀರಿ. ಸಿ.ಎಸ್.ಐ.ನಲ್ಲಿ 1976ರಿಂದಲೇ ಉಂಟು. 2013ರಲ್ಲಿ ನಂದ್ಯಾಲದಲ್ಲಿ ಪುಷ್ಪಲಲಿತಾ ಅವರು ಬಿಷಪ್ಪರೂ ಆದರು. ಆದರೆ ನಿಯಮ ಬೇರೆ, ನೇಮಕ ಬೇರೆ. ನಿಮ್ಮ ಸಭಾಪ್ರಾಂತ್ಯದಲ್ಲಿ ಈಗ ಎಷ್ಟು ಮಂದಿ ಮಹಿಳೆಯರು ಸಭೆಗಳ ಪೂರ್ಣ ಹೊಣೆ ಹೊತ್ತಿದ್ದಾರೆ, ಎಷ್ಟು ಮಂದಿ ಹಾಸ್ಟೆಲು, ಕಚೇರಿಗಳ ಕೆಲಸದಲ್ಲೇ ಉಳಿದಿದ್ದಾರೆ ಎಂಬುದನ್ನು ಬಿಷಪರಲ್ಲಿ ಮಾತ್ರವಲ್ಲ, ಆ ಮಹಿಳೆಯರಲ್ಲೇ ಕೇಳಿ ತಿಳಿದು, ಆಮೇಲೆ ಅರ್ಜಿ ಹಾಕಿ.