ಕೈಗುಣವಲ್ಲ, ಫಿಲ್ಟರಿನ ಅಳತೆ

ಮಂಡ್ಯದಿಂದ ಬರೆದಿರುವ ಹಿರಿಯ ಓದುಗರಿಗೆ ನಮಸ್ಕಾರ.

ನಿಮ್ಮ ಪತ್ರದ ಸಾರಾಂಶ ಇದು: ವಯಸ್ಸು ಅರವತ್ತನಾಲ್ಕು. ಮನೆಯವರು ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ವಾರದ ದಿನಗಳು ಹೇಗೋ ಸಾಗುತ್ತವೆ, ಭಾನುವಾರ ಮಾತ್ರ ಮುಂದಕ್ಕೇ ಹೋಗುವುದಿಲ್ಲ. ಊರಾಚೆ ನಡೆಯುವ ಆಸೆ ಇದೆ, ಎಲ್ಲಿಗೆ ಎಂದು ತಿಳಿಯದು. ಸಕ್ಕರೆ ಕಾಯಿಲೆಗೆ ಮಾತ್ರೆ ನಡೆಯುತ್ತಿದೆ. ಕೊನೆಯಲ್ಲಿ, ಏನೋ ಸಣ್ಣ ವಿಷಯವೆಂಬಂತೆ ಹೀಗೆ ಬರೆದಿದ್ದೀರಿ: ‘ಅದೇ ಫಿಲ್ಟರು, ಅದೇ ಪುಡಿ, ಆದರೂ ಕಾಫಿ ನೀರುನೀರು. ಅವಳ ಕೈಗುಣ ನನಗಿಲ್ಲ.’

ಆ ಕೊನೆಯ ಸಾಲಿನಿಂದಲೇ ಶುರುಮಾಡುತ್ತೇವೆ. ತಪ್ಪು ನಿಮ್ಮ ಕೈಯದಲ್ಲ. ಅದು ನಾಲ್ಕು ಜನರ ಫಿಲ್ಟರು. ಒಬ್ಬರಿಗೆಂದು ಎರಡು ಚಮಚ ಪುಡಿ ಹಾಕಿದರೆ ಅಗಲವಾದ ತಳದಲ್ಲಿ ಅದು ತೆಳ್ಳಗೆ ಹರಡಿಕೊಳ್ಳುತ್ತದೆ. ಬಿಸಿನೀರು ಪುಡಿಯಲ್ಲಿ ನಿಲ್ಲದೆ ಎರಡು ನಿಮಿಷದಲ್ಲಿ ಇಳಿದುಬಿಡುತ್ತದೆ, ಸಾರ ಮೇಲೆಯೇ ಉಳಿಯುತ್ತದೆ. ಪುಡಿ ಕನಿಷ್ಠ ಒಂದು ಬೆರಳಿನ ದಪ್ಪ ಇರಬೇಕು. ಪಾತ್ರೆ ಅಂಗಡಿಯಲ್ಲಿ ಎಲ್ಲಕ್ಕಿಂತ ಚಿಕ್ಕ ಫಿಲ್ಟರು ಕೇಳಿ ತನ್ನಿ. ಊಟದ ಚಮಚದಲ್ಲಿ ಎರಡು ತುಂಬ ಪುಡಿ ಹಾಕಿ, ಬಿಲ್ಲೆಯಿಂದ ಹಗುರವಾಗಿ ಅದುಮಿ. ಕುದಿದು ಇಳಿಸಿದ ನೀರನ್ನು ಮೊದಲು ಎರಡು ಚಮಚ ಹಾಕಿ ಪುಡಿ ನೆನೆಯಲು ಬಿಡಿ. ಅರ್ಧ ನಿಮಿಷದ ನಂತರ ಉಳಿದದ್ದನ್ನು ಸುರಿಯಿರಿ. ಒಟ್ಟು ನೂರು ಮಿ.ಲೀ. ಸಾಕು. ಕಾಲು ಗಂಟೆಯಾದರೂ ಇಳಿಯದಿದ್ದರೆ ಹೆಚ್ಚು ಅದುಮಿದ್ದೀರಿ, ಇಲ್ಲವೇ ತೂತು ಕಟ್ಟಿದೆ. ಹಾಗಾದಾಗ ಮೇಲಿನ ಬಟ್ಟಲನ್ನು ಖಾಲಿ ಮಾಡಿ, ಇಕ್ಕಳದಲ್ಲಿ ಹಿಡಿದು ತಳವನ್ನು ಉರಿಯ ಮೇಲೆ ಕಾಯಿಸಿ, ತಣಿದ ಮೇಲೆ ತೊಳೆಯಿರಿ. ಡಿಕಾಕ್ಷನ್ನನ್ನು ಮತ್ತೆ ಕುದಿಸಬೇಡಿ, ಕಹಿಯಾಗುತ್ತದೆ. ಹಳೆಯ ಫಿಲ್ಟರನ್ನು ಯಾರಿಗೂ ಕೊಡಬೇಡಿ. ಮಕ್ಕಳು ಬಂದಾಗ ಬೇಕಾಗುತ್ತದೆ.

ಇನ್ನು ನಡಿಗೆ. ನಿಮಗೆ ಶ್ರೀರಂಗಪಟ್ಟಣ ಹೇಳಿ ಮಾಡಿಸಿದ ಜಾಗ. ರೈಲಿನಲ್ಲಿ ಅರ್ಧ ಗಂಟೆಯ ಆಸುಪಾಸು. ಎಲ್ಲ ಎಕ್ಸ್‌ಪ್ರೆಸ್‌ಗಳೂ ಅಲ್ಲಿ ನಿಲ್ಲುವುದಿಲ್ಲ, ಬೆಳಗಿನ ಪ್ಯಾಸೆಂಜರ್ ನೋಡಿಕೊಳ್ಳಿ. ಸ್ಟೇಷನ್ನಿರುವುದೇ ಕೋಟೆಯೊಳಗೆ. ಜೋಡಿ ಹಳಿ ಹಾಕಲು 2017ರಲ್ಲಿ ಇಡಿಯಾಗಿ ಪಕ್ಕಕ್ಕೆ ಸರಿಸಿದ ಟಿಪ್ಪು ಕಾಲದ ಶಸ್ತ್ರಾಗಾರವನ್ನೂ ಅಲ್ಲಿಯೇ ನೋಡಬಹುದು. ರಂಗನಾಥನ ಗುಡಿ, ದರಿಯಾ ದೌಲತ್, ಗಂಜಾಂ, ಗುಂಬಜ್ ದಾಟಿ ದ್ವೀಪದ ಪೂರ್ವದ ತುದಿಗೆ ಹೋದರೆ ಕಾವೇರಿಯ ಎರಡು ಕವಲುಗಳು ಕೂಡುವ ಸಂಗಮ. ಐದು ಕಿಲೋಮೀಟರಿನಷ್ಟು ದಾರಿ, ಏರು ಇಲ್ಲ. ನಿಂತು ನೋಡಿಕೊಂಡು ನಡೆದರೆ ಒಂದೂವರೆ ಗಂಟೆ. ಬರುವಾಗ ಆಟೋ ಹಿಡಿಯಿರಿ, ಅದರಲ್ಲಿ ಸಂಕೋಚವೇನೂ ಬೇಡ.

ಆದರೆ ಮೊದಲ ಭಾನುವಾರವೇ ಸಂಗಮಕ್ಕೆ ಹೊರಡಬೇಡಿ. ನಡಿಗೆ ಶುರುಮಾಡಿದವರು ಬಿಟ್ಟುಬಿಡುವುದು ಸೋಮಾರಿತನದಿಂದಲ್ಲ, ಮೊದಲ ದಿನದ ಅತಿ ಉತ್ಸಾಹದಿಂದ. ಮೀನಖಂಡ ಬಿಗಿದು ಮೂರು ದಿನ ಮೆಟ್ಟಿಲು ಇಳಿಯಲಾಗದಿದ್ದರೆ ಮುಂದಿನ ವಾರ ಮನಸ್ಸೇ ಬಾರದು. ಮೊದಲ ವಾರ ದರಿಯಾ ದೌಲತ್‌ವರೆಗೆ ಹೋಗಿ ಹಿಂತಿರುಗಿ. ಎರಡನೆಯ ವಾರ ಗಂಜಾಂ.

ಬೆಳಿಗ್ಗೆ ಒಂಬತ್ತರೊಳಗೆ ನಡೆದು ಮುಗಿಸಿದರೆ ಪ್ರವಾಸಿಗಳ ಬಸ್ಸುಗಳ ಗದ್ದಲವಿರದು. ಗದ್ದೆಯಲ್ಲಿ ನೀರಿದ್ದರೆ ಬಸವನಹುಳು ಹೆಕ್ಕುವ ಬಾಯಿಕಳಕ ಕೊಕ್ಕರೆಗಳನ್ನು ನೋಡಿ: ಕೊಕ್ಕು ಮುಚ್ಚಿದರೂ ನಡುವೆ ಸಂದು ಕಾಣುತ್ತದೆ. ಹೊಳೆಯ ಬದಿಯಲ್ಲಿ ಮಿಂಚುಳ್ಳಿ ಸಿಗುತ್ತದೆ, ರೆಕ್ಕೆ ಹರಡಿ ಒಣಗಿಸಿಕೊಳ್ಳುವ ನೀರುಕಾಗೆಯೂ ಸಿಗುತ್ತದೆ. ಒಂದೇ ಕಲ್ಲಿನ ಮೇಲೆ ಹತ್ತು ನಿಮಿಷ ಅಲ್ಲಾಡದೆ ಕುಳಿತರೆ ಅವು ತಾವಾಗಿಯೇ ಹತ್ತಿರ ಬರುತ್ತವೆ. ಮಳೆಗಾಲದಲ್ಲಿ ಸಂಗಮದ ನೀರಿಗೆ ಇಳಿಯಲೇಬೇಡಿ. ಕೆಆರ್‌ಎಸ್‌ನಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ, ಪಾಚಿ ಕಟ್ಟಿದ ಕಲ್ಲು ಕಾಲಿಗೆ ನಿಲ್ಲುವುದಿಲ್ಲ.

ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ನಡೆಯಬಾರದು. ಎರಡು ಇಡ್ಲಿಯಾದರೂ ತಿಂದು ಹೊರಡಿ. ಜೇಬಿನಲ್ಲಿ ಮೂರು ಚಮಚ ಸಕ್ಕರೆಯ ಪೊಟ್ಟಣ ಇರಲಿ. ಕೈ ನಡುಗಿ ತಣ್ಣನೆಯ ಬೆವರು ಬಂದರೆ ಅಲ್ಲೇ ಕುಳಿತು ಅದನ್ನು ತಿನ್ನಿ, ಹದಿನೈದು ನಿಮಿಷ ಏಳಬೇಡಿ. ನಡಿಗೆಯ ದಿನದ ಮಾತ್ರೆಯ ಬಗ್ಗೆ ಒಮ್ಮೆ ನಿಮ್ಮ ಡಾಕ್ಟರನ್ನು ಕೇಳಿಕೊಳ್ಳಿ. ಮುಕ್ಕಾಲು ಲೀಟರ್ ನೀರು, ಒಂದು ಊರುಗೋಲು ಜೊತೆಗಿರಲಿ. ಕೋಲು ನಾಯಿಗಳಿಗೂ ಆಯಿತು, ಕಬ್ಬಿನ ಗದ್ದೆಯ ಬದುವಿನಲ್ಲಿ ಮುಂದೆ ತಟ್ಟಿಕೊಂಡು ಹೋಗಲಿಕ್ಕೂ ಆಯಿತು. ಮನೆಗೆ ಬಂದೊಡನೆ ಬೆರಳುಸಂದಿಗಳನ್ನು ಕಣ್ಣಾರೆ ನೋಡಿ. ಸಕ್ಕರೆ ಕಾಯಿಲೆಯವರಿಗೆ ಬೊಕ್ಕೆಯೆದ್ದರೂ ನೋವು ತಿಳಿಯದೆ ಇರಬಹುದು.

ಬುತ್ತಿಗೆ ಮೊಸರನ್ನ. ಪೂರ್ತಿ ಮೊಸರಿನಲ್ಲಿ ಕಲಸಿದರೆ ಹೊತ್ತೇರುವಷ್ಟರಲ್ಲಿ ಹುಳಿ. ಅರ್ಧ ಲೋಟ ಅಕ್ಕಿಯನ್ನು ಮೆತ್ತಗೆ ಬೇಯಿಸಿ, ಮಸೆದು, ಆರಿದ ಮೇಲೆ ಒಂದು ಲೋಟ ಕಾಯಿಸಿ ಆರಿಸಿದ ಹಾಲು, ಒಂದೇ ಚಮಚ ಮೊಸರು, ಉಪ್ಪು, ಶುಂಠಿ, ಸಾಸಿವೆ ಒಗ್ಗರಣೆ. ಆರು ಗಂಟೆಗೆ ಕಲಸಿದ್ದು ಹತ್ತೂವರೆಗೆ ಹದವಾಗಿರುತ್ತದೆ. ಕಲಸುವಾಗ ನೀರಾಯಿತೆಂದು ಗಾಬರಿಯಾಗಬೇಡಿ, ಅನ್ನ ಹಾಲನ್ನು ಹೀರಿಕೊಳ್ಳುತ್ತದೆ.

ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ಮೀರದಿರಲಿ. ಸಂಜೆ ನಿದ್ದೆಯಿಂದ ಎದ್ದು ಕತ್ತಲಾದ ಮನೆಯನ್ನು ನೋಡುವುದಕ್ಕಿಂತ ಕಷ್ಟದ ಗಳಿಗೆ ಮತ್ತೊಂದಿಲ್ಲ.

ಮೆಲ್ಬರ್ನ್‌ನ ಮಗಳ ಫೋನು ಯಾವಾಗ ಬರುವುದೋ ಎಂದು ದಿನವಿಡೀ ಕಾಯುತ್ತೀರೆಂದು ಬರೆದಿದ್ದೀರಿ. ಸಮಯ ಗೊತ್ತುಮಾಡಿಕೊಳ್ಳಿ. ಅಲ್ಲಿನ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಮುಂದೆ, ಅಲ್ಲಿ ಬೇಸಿಗೆಯಿದ್ದಾಗ ಐದೂವರೆ. ನಮ್ಮ ಮೂರೂವರೆ ಎಂದರೆ ಅವರಿಗೆ ರಾತ್ರಿ ಎಂಟು ಅಥವಾ ಒಂಬತ್ತು, ಊಟ ಮುಗಿದ ಹೊತ್ತು. ಮೂರು ಗಂಟೆಗೆ ಚಿಕ್ಕ ಫಿಲ್ಟರಿಗೆ ನೀರು ಹಾಕಿಡಿ. ಫೋನು ಬರುವಷ್ಟರಲ್ಲಿ ಡಿಕಾಕ್ಷನ್ ಇಳಿದಿರುತ್ತದೆ.