ಬಿದ್ದಾಗ್ಲೂ ಒಂದನೇ ತಾರೀಖು ಬರತ್ತೆ

ನಿವೃತ್ತಿ ಹಣ ಕೈಗೆ ಬಂದ ಮೇಲೆ ಗಂಡ ಹೆಂಡತಿ ನಡುವೆ ಶುರುವಾಗುವ ಜಗಳ ನನ್ನ ಹತ್ತಿರ ಪದೇ ಪದೇ ಬರುತ್ತದೆ. ಒಬ್ಬರಿಗೆ ಹಣ ಬೆಳೆಯಬೇಕು, ಇನ್ನೊಬ್ಬರಿಗೆ ಹಣ ಉಳಿಯಬೇಕು. ಇಬ್ಬರು ಹೇಳುವುದೂ ಸರಿಯೇ, ಕಷ್ಟ ಇರುವುದೇ ಅಲ್ಲಿ. ಆದರೆ ಈ ಪ್ರಕರಣ ಬರೆಯಲು ಇನ್ನೊಂದು ಕಾರಣವಿದೆ. ನಾನು ಕೊಟ್ಟ ಸಲಹೆ ತಪ್ಪು ಅಂತ ಒಂದು ವರ್ಷದೊಳಗೆ ಅವರಿಗೆ ಅನ್ನಿಸಿತು. ನನಗೆ ಇವತ್ತಿಗೂ ಹಾಗೆ ಅನ್ನಿಸಿಲ್ಲ. ಗುರುತು ಸಿಗಬಾರದೆಂದು ಕೆಲವು ವಿವರ, ಕೆಲವು ಅಂಕಿ ಬದಲಿಸಿದ್ದೇನೆ.

ದಂಪತಿ ಬಂದದ್ದು 2023ರ ಏಪ್ರಿಲ್‌ನಲ್ಲಿ. ಗಂಡನಿಗೆ 60 ವರ್ಷ, ಖಾಸಗಿ ಕಾರ್ಖಾನೆಯೊಂದರಲ್ಲಿ ದುಡಿದವರು. ಪಿಎಫ್, ಗ್ರ್ಯಾಚುಟಿ ಎಲ್ಲ ಸೇರಿ 45 ಲಕ್ಷ. ಪಿಎಫ್ ಪಿಂಚಣಿ ತಿಂಗಳಿಗೆ ನಾಲ್ಕು ಸಾವಿರ. ಸ್ವಂತ ಮನೆ ಇದೆ, ಸಾಲ ಇಲ್ಲ. ಅವರು 40 ಲಕ್ಷವನ್ನು ಸಣ್ಣ ಕಂಪನಿಗಳ ಷೇರು ಕೊಳ್ಳುವ ಸ್ಮಾಲ್ ಕ್ಯಾಪ್ ಫಂಡ್‌ಗಳಿಗೆ ಹಾಕಲು ಹೊರಟಿದ್ದರು. ಜೊತೆಗೆ ಕೆಲಸ ಮಾಡಿದವರೊಬ್ಬರು 2020ರಲ್ಲಿ ಹಾಕಿದ್ದ ಹಣ ಎರಡರಷ್ಟಕ್ಕೂ ಜಾಸ್ತಿ ಆಗಿತ್ತಂತೆ. ಹೆಂಡತಿ ಎರಡು ವಾರದಿಂದ ಸರಿಯಾಗಿ ಮಾತಾಡಿರಲಿಲ್ಲ.

ಯಾವ ಫಂಡ್ ಕೊಳ್ಳಬೇಕು ಅಂತ ಹೇಳುವುದು ನನ್ನ ಕೆಲಸ ಅಲ್ಲ. ಅದಕ್ಕೆ ಷೇರು ಮಾರುಕಟ್ಟೆ ನಿಯಂತ್ರಕ ಸಂಸ್ಥೆ ಸೆಬಿಯಲ್ಲಿ ನೋಂದಾಯಿಸಿಕೊಂಡ ಸಲಹೆಗಾರರಿದ್ದಾರೆ. ನಾನು ಕೇಳುವುದು ಮನೆಯ ಪ್ರಶ್ನೆ.

ಎರಡನೇ ಭೇಟಿಗೆ ತಿಂಗಳ ಖರ್ಚು ಬರೆದುಕೊಂಡು ಬನ್ನಿ ಎಂದಿದ್ದೆ. ಗಂಡ ಮೊಬೈಲ್ ತಂದರು. ಅದರಲ್ಲಿ ಹೂಡಿಕೆಯ ಆ್ಯಪ್‌ನ ಪ್ರಶ್ನಾವಳಿ ತುಂಬಿದ್ದರು. ನಿಮಗೆ ಹೆಚ್ಚು ರಿಸ್ಕ್ ತಾಳುವ ಶಕ್ತಿ ಇದೆ ಅಂತ ಫಲಿತಾಂಶ ಬಂದಿತ್ತು. ಹೆಂಡತಿ ವ್ಯಾನಿಟಿ ಬ್ಯಾಗ್‌ನಿಂದ ನೂರು ಪುಟದ ಶಾಲೆ ನೋಟ್‌ಬುಕ್ ತೆಗೆದರು. ಮೂಲೆಗಳು ಮಡಿಸಿ ಮಡಿಸಿ ದಪ್ಪಗಾಗಿದ್ದವು. ಹಾಲು, ಗ್ಯಾಸ್, ಕರೆಂಟ್, ದಿನಸಿ, ತರಕಾರಿ, ಅವರ ಶುಗರ್ ಮಾತ್ರೆ, ಇವರ ಬಿಪಿ ಮಾತ್ರೆ, ದೇವಸ್ಥಾನ, ಮುಯ್ಯಿ. ಮುಯ್ಯಿಗೂ ಒಂದು ಸಾಲು ಇತ್ತು, ಯಾರಿಗೆ ಎಷ್ಟು ಅಂತ. ಒಟ್ಟು 26,800 ರೂಪಾಯಿ.

"ಸಾರ್, ಶೇ 40 ಬಿದ್ದರೆ ಏನು ಮಾಡ್ತೀರಿ?" ಎಂದೆ.

"ಕಾಯ್ತೀನಿ ಮೇಡಂ. ಕೊರೋನಾದಲ್ಲಿ ಬಿದ್ದಿದ್ದು ವಾಪಸ್ ಬರ್ಲಿಲ್ವಾ?"

ಆಗ ಹೆಂಡತಿ ನೋಟ್‌ಬುಕ್ ಮೇಲೆ ಕೈ ಇಟ್ಟುಕೊಂಡೇ ಹೇಳಿದರು. "ಬಿದ್ದಾಗ್ಲೂ ಒಂದನೇ ತಾರೀಖು ಬರತ್ತಲ್ವೇನ್ರೀ. ಹಾಲಿನವನಿಗೆ ಕಾಯಿ ಅನ್ನಕ್ಕಾಗತ್ತಾ?"

ಗಂಡ ತಕ್ಷಣ ಏನೂ ಹೇಳಲಿಲ್ಲ. ನಾನೂ ಸುಮ್ಮನಿದ್ದೆ. ಇಷ್ಟು ವರ್ಷಗಳಲ್ಲಿ ರಿಸ್ಕ್ ಬಗ್ಗೆ ಇಷ್ಟು ಸರಿಯಾದ ಮಾತು ನಾನು ಕೇಳಿರಲಿಲ್ಲ.

ಆ ಮಾತನ್ನೇ ಹಿಡಿದು ಹಾಳೆಯ ಮೇಲೆ ಲೆಕ್ಕ ಹಾಕಿದೆವು. ತಿಂಗಳಿಗೆ 24,000 ಬೇಕು ಅಂದುಕೊಳ್ಳಿ. ಫಂಡ್‌ನ ಒಂದು ಯೂನಿಟ್, ಅಂದರೆ ಒಂದು ಪಾಲು, 50 ರೂಪಾಯಿ ಇದ್ದಾಗ 480 ಯೂನಿಟ್ ಮಾರಿದರೆ ಸಾಕು. ಅದೇ 30ಕ್ಕೆ ಇಳಿದಾಗ 800 ಮಾರಬೇಕು. ಮಾರುಕಟ್ಟೆ ಮತ್ತೆ 50ಕ್ಕೆ ಏರಬಹುದು, ಆದರೆ ಮಾರಿಹೋದ ಯೂನಿಟ್ ಏರುವುದಿಲ್ಲ. ಸಂಬಳ ಬರುವವರಿಗೆ ಕಾಯಲು ಖರ್ಚಿಲ್ಲ. ಸಂಬಳ ನಿಂತವರಿಗೆ ಕಾಯುವ ಒಂದೊಂದು ತಿಂಗಳಿಗೂ ಹಣ ಕರಗುತ್ತದೆ.

ಎಷ್ಟು ದಿನ ಕಾಯಬೇಕು ಅನ್ನುವುದೂ ನಮ್ಮ ಕೈಯಲ್ಲಿಲ್ಲ. 2020ರ ಜನವರಿಯಲ್ಲಿ 42,000 ಇದ್ದ ಷೇರು ಸೂಚ್ಯಂಕ ಸೆನ್ಸೆಕ್ಸ್ ಮಾರ್ಚ್ 23ಕ್ಕೆ 26,000ಕ್ಕೆ ಬಿತ್ತು, ನವೆಂಬರ್ ಹೊತ್ತಿಗೆ ಹಳೆಯ ಮಟ್ಟ ಮುಟ್ಟಿತು. ಎಲ್ಲರಿಗೂ ನೆನಪಿರುವುದು ಇದೊಂದೇ. 2008ರ ಜನವರಿಯಲ್ಲಿ 21,000 ಇದ್ದದ್ದು 2009ರ ಮಾರ್ಚ್‌ನಲ್ಲಿ ಎಂಟು ಸಾವಿರದ ಆಸುಪಾಸಿಗೆ ಬಂದಿತ್ತು. 2010ರ ದೀಪಾವಳಿಗೆ ಹಳೆಯ ಮಟ್ಟ ಮುಟ್ಟಿ ಮತ್ತೆ ಜಾರಿತು. ಗಟ್ಟಿಯಾಗಿ ದಾಟಿದ್ದು 2013ರ ಕೊನೆಗೆ. ಇವೆಲ್ಲ ದೊಡ್ಡ ಕಂಪನಿಗಳ ಕಥೆ. ಸಣ್ಣ ಕಂಪನಿಗಳ ಷೇರು ಸಾಮಾನ್ಯವಾಗಿ ಇನ್ನೂ ಆಳಕ್ಕೆ ಬೀಳುತ್ತವೆ.

ನಾನು ಹೇಳಿದ್ದು ಇಷ್ಟು. ನೋಟ್‌ಬುಕ್‌ನಲ್ಲಿರುವ ಖರ್ಚಿಗೆ ಮೊದಲು ದಾರಿ ಮಾಡಿ. ಪೋಸ್ಟ್ ಆಫೀಸಿನಲ್ಲಿ ಸಿಗುವ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಮಿತಿ ಅದೇ ಏಪ್ರಿಲ್ 1ರಿಂದ 15 ಲಕ್ಷದಿಂದ 30 ಲಕ್ಷಕ್ಕೆ ಏರಿತ್ತು, ಬಡ್ಡಿ ಶೇ 8.2. ಪೂರ್ತಿ 30 ಲಕ್ಷ ಇಟ್ಟರೆ ಮೂರು ತಿಂಗಳಿಗೊಮ್ಮೆ 61,500, ಅಂದರೆ ತಿಂಗಳಿಗೆ 20,500. ಪಿಂಚಣಿ ಸೇರಿದರೆ 24,500. ಉಳಿದ ಕೊರತೆಗೆ, ಆಸ್ಪತ್ರೆ ಖರ್ಚಿಗೆ ಅಂತ ಐದು ಲಕ್ಷ ಬ್ಯಾಂಕಿನಲ್ಲಿ ಎಫ್‌ಡಿ. ಒಂದೇ ಬ್ಯಾಂಕಿನಲ್ಲಿ ಅದಕ್ಕಿಂತ ಜಾಸ್ತಿ ಬೇಡ, ಠೇವಣಿ ವಿಮೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಬಡ್ಡಿ ಸೇರಿ ಐದು ಲಕ್ಷದವರೆಗೆ ಮಾತ್ರ.

ಉಳಿದ ಹತ್ತು ಲಕ್ಷ ಷೇರು ಮಾರುಕಟ್ಟೆಗೆ. ಒಂದೇ ಸಲ ಅಲ್ಲ, ಕಂತು ಕಂತಾಗಿ. ಹತ್ತು ವರ್ಷ ಮುಟ್ಟಬಾರದು.

ಇದಕ್ಕೆ ಹೆಂಡತಿ ಒಪ್ಪಲಿಲ್ಲ. ಅದೂ ಪೋಸ್ಟ್ ಆಫೀಸಿಗೇ ಹೋಗಲಿ ಎಂದರು. ಅವರಿಗೂ ನಾನು ಗಟ್ಟಿಯಾಗಿಯೇ ಹೇಳಬೇಕಾಯಿತು. ಬೆಲೆ ವರ್ಷಕ್ಕೆ ಶೇ 6ರಂತೆ ಏರಿದರೆ ಹನ್ನೆರಡು ವರ್ಷದಲ್ಲಿ ಈ 26,800 ಹೆಚ್ಚುಕಡಿಮೆ 54,000 ಆಗುತ್ತದೆ. ಆಗ ಅವರಿಗೆ 72, ಇವರಿಗೆ 68. ಬಡ್ಡಿ ಮಾತ್ರ ಬೆಳೆಯುವುದಿಲ್ಲ. ಏನೂ ರಿಸ್ಕ್ ಬೇಡ ಅನ್ನುವುದೂ ಒಂದು ರಿಸ್ಕೇ, ಅದು ನಿಧಾನವಾಗಿ ಕಡಿಯುವುದರಿಂದ ನೋವು ಗೊತ್ತಾಗುವುದಿಲ್ಲ.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. 2024ರ ಜನವರಿಯಲ್ಲಿ ಗಂಡನ ಫೋನ್ ಬಂತು. "ನಿಮ್ಮ ಮಾತು ಕೇಳಿ ಇಪ್ಪತ್ತು ಲಕ್ಷ ಕಳ್ಕೊಂಡೆ ಮೇಡಂ."

ಅವರು ಸುಳ್ಳು ಹೇಳುತ್ತಿರಲಿಲ್ಲ. 2023ರಲ್ಲಿ ಸಣ್ಣ ಕಂಪನಿಗಳ ಸೂಚ್ಯಂಕ ಹೆಚ್ಚುಕಡಿಮೆ ಅರ್ಧದಷ್ಟು ಏರಿತ್ತು. 40 ಲಕ್ಷ ಹಾಕಿದ್ದರೆ 60ರ ಹತ್ತಿರ ಇರುತ್ತಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಪ್ಪತ್ತು ಲಕ್ಷ ಆ ಮನೆಗೆ ಎಷ್ಟು ದೊಡ್ಡದು ಅಂತ ನನಗೆ ಗೊತ್ತು.

ಆದರೂ ನಾನು ಸಲಹೆ ಬದಲಿಸಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಹೆಲ್ಮೆಟ್ ಇಲ್ಲದೆ ಹೋದವನು ಸುಖವಾಗಿ ಮನೆ ಸೇರಿದ ಅಂತ ಹೆಲ್ಮೆಟ್ ಹಾಕು ಅಂದವಳ ಮಾತು ತಪ್ಪಾಗುವುದಿಲ್ಲ. 2023 ಹೇಗಿರುತ್ತದೆ ಅಂತ ಏಪ್ರಿಲ್‌ನಲ್ಲಿ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಆ ನೋಟ್‌ಬುಕ್ ಒಂದೇ. 2024ರ ಸೆಪ್ಟೆಂಬರ್ ನಂತರ ಅದೇ ಸೂಚ್ಯಂಕ ಕೆಲವೇ ತಿಂಗಳಲ್ಲಿ ಸುಮಾರು ಕಾಲು ಭಾಗ ಇಳಿಯಿತು. ಅದರಿಂದ ನನ್ನ ಮಾತು ಗೆದ್ದಿತು ಅಂತಲೂ ನಾನು ಹೇಳುವುದಿಲ್ಲ. ಏರಿದ್ದು ನನ್ನನ್ನು ಸೋಲಿಸದಿದ್ದರೆ, ಇಳಿದದ್ದು ಗೆಲ್ಲಿಸುವುದೂ ಇಲ್ಲ.

ಫೋನ್ ಬಂದ ಮರುವಾರ ಇಬ್ಬರನ್ನೂ ಮತ್ತೆ ಕರೆದೆ. ಅವರು ಸಿಟ್ಟಿನಲ್ಲೇ ಬಂದರು. ಇವರು ನೋಟ್‌ಬುಕ್ ತಂದರು. ಹಾಲಿನ ಸಾಲು ತಿದ್ದಿತ್ತು, ಆಗಸ್ಟ್‌ನಲ್ಲಿ ಲೀಟರ್‌ಗೆ ಮೂರು ರೂಪಾಯಿ ಏರಿತ್ತಲ್ಲ. ಹತ್ತು ತಿಂಗಳಲ್ಲಿ ಒಂದು ಬಿಲ್ಲೂ ತಡವಾಗಿರಲಿಲ್ಲ. ಅವರು ಪುಟ ತಿರುಗಿಸುತ್ತಾ ಕೂತರು. ಆಮೇಲೆ, ಹತ್ತು ಲಕ್ಷದಲ್ಲಿ ಮೂರು ಲಕ್ಷವನ್ನಾದರೂ ಸ್ಮಾಲ್ ಕ್ಯಾಪ್‌ಗೆ ಹಾಕ್ತೀನಿ ಎಂದರು.

ನಾನು ಬೇಡ ಅನ್ನಲಿಲ್ಲ. ಆ ಮೂರು ಲಕ್ಷ ಅರ್ಧಕ್ಕೆ ಇಳಿದರೂ ಆ ಪುಟದ ಒಂದು ಸಾಲೂ ಅಲ್ಲಾಡುವುದಿಲ್ಲ. ನಾನು ಹೆಂಡತಿಯ ಮುಖ ನೋಡಿದೆ. ಅವರು ಪೆನ್ಸಿಲ್ ತೆಗೆದು ನೋಟ್‌ಬುಕ್‌ನ ಕೊನೆ ಪುಟದಲ್ಲಿ, ಖರ್ಚಿನ ಲೆಕ್ಕಕ್ಕೆ ಸೇರದ ಕಡೆ, "ಇವರದ್ದು, 3 ಲಕ್ಷ" ಅಂತ ಬರೆದುಕೊಂಡರು.