ನಿಲ್ಲಿಸಿ ನಿಲ್ಲಿಸಿ ಬರೆಯಬೇಡಿ

ಒಂದು ಗಂಟೆಯ ವಿಡಿಯೋ ಪಾಠಕ್ಕೆ ಮೂರು ಗಂಟೆ ಹಿಡಿಯುತ್ತದೆ, ಆದರೂ ತಲೆಯಲ್ಲಿ ಏನೂ ಉಳಿಯುವುದಿಲ್ಲ ಅಂದಿದ್ದೀರಿ. ಬಹುಶಃ ನಿಲ್ಲಿಸಿ ನಿಲ್ಲಿಸಿ ಪ್ರತಿ ಮಾತನ್ನೂ ಬರೆದುಕೊಳ್ಳುತ್ತಿದ್ದೀರಿ, ಅಲ್ವಾ? ನಾನೂ ಹಾಗೇ ಮಾಡುತ್ತಿದ್ದೆ. ನೋಟ್‌ಬುಕ್ ತುಂಬಿತು, ತಲೆ ಖಾಲಿ.

ಈಗ ಹತ್ತು ನಿಮಿಷ ಪೆನ್ನು ಮುಟ್ಟದೆ ನೋಡುತ್ತೇನೆ. ಆಮೇಲೆ ವಿಡಿಯೋ ನಿಲ್ಲಿಸಿ, ಸ್ಕ್ರೀನ್ ನೋಡದೆ ನೆನಪಾದಷ್ಟು ಬರೆಯುತ್ತೇನೆ. ಎಲ್ಲಿ ತಡವರಿಸುತ್ತೇನೋ ಆ ಜಾಗಕ್ಕೆ ಮಾತ್ರ ವಾಪಸ್. ಪಕ್ಕದಲ್ಲಿ 23:40 ಅಂತ ಸಮಯ ಗುರುತು ಹಾಕಿಕೊಳ್ಳುತ್ತೇನೆ. ರಿವಿಷನ್‌ಗೆ ಇಡೀ ವಿಡಿಯೋ ಬೇಡ, ಆ ಗುರುತುಗಳೇ ಸಾಕು. ಗಣಿತವಾದರೆ ಮೇಷ್ಟ್ರು ಪ್ರಶ್ನೆ ಬರೆದ ಕೂಡಲೇ ನಿಲ್ಲಿಸಿ, ಮೊದಲು ನೀವೇ ಬಿಡಿಸಿ. ತಪ್ಪಾದರೂ ಪರವಾಗಿಲ್ಲ, ಎಲ್ಲಿ ಎಡವಿದಿರಿ ಅಂತ ಗೊತ್ತಾದ ಮೇಲೆ ಅವರ ವಿವರಣೆ ಬೇರೆಯೇ ಥರ ಕೇಳಿಸುತ್ತದೆ.

ವಿಡಿಯೋ ಸ್ಪೀಡ್ ಹೆಚ್ಚಿಸಿ ನೋಡಬಹುದಾ ಅಂತಲೂ ಕೇಳಿದ್ದಿರಿ. 1.5ಕ್ಕೆ ಇಟ್ಟರೆ 60 ನಿಮಿಷದ ಪಾಠ 40ಕ್ಕೆ ಮುಗಿಯುತ್ತದೆ. ಅರ್ಧಂಬರ್ಧ ಗೊತ್ತಿರುವ ವಿಷಯಕ್ಕೆ ಸರಿ, ಹೊಸದಕ್ಕೆ ಬೇಡ. 2ಕ್ಕೆ ಇಟ್ಟು ಸುಮ್ನೆ ಓಡಿಸುವುದು ‘ನೋಡಿದೆ’ ಅನ್ನುವ ಸಮಾಧಾನಕ್ಕಷ್ಟೇ. ಕಂಪ್ಯೂಟರ್‌ನಲ್ಲಿ ಯೂಟ್ಯೂಬ್ ನೋಡುತ್ತಿದ್ದರೆ ಕೀಬೋರ್ಡಿನ ‘ಜೆ’ ಒತ್ತಿ, 10 ಸೆಕೆಂಡ್ ಹಿಂದೆ ಹೋಗುತ್ತದೆ. ಮೌಸ್ ಹಿಡಿದು ತಡಕಾಡುವುದು ತಪ್ಪುತ್ತದೆ.